ಅಲುಗಾಡದ ಇಟ್ಟಿಗೆಗೆ ಎಷ್ಟು ಬಾಣ?



ಈ ಪುಟ ಓದುವ ಮೊದಲು ನಿಮ್ಮ ಪಕ್ಕದಲ್ಲಿರುವ ಪುಸ್ತಕದ ಚೀಲವನ್ನು ಒಮ್ಮೆ ನೋಡಿ. ಸುಮ್ಮನೆ ಕುಳಿತಿದೆ, ಅಲ್ಲವೇ? ಈಗ ಒಂದೇ ಬೆರಳಿನಿಂದ ಅದನ್ನು ಮೆಲ್ಲಗೆ ಅಡ್ಡಕ್ಕೆ ತಳ್ಳಿ. ಅಲುಗಾಡಲಿಲ್ಲ. ಇನ್ನೂ ಸ್ವಲ್ಪ ಜೋರಾಗಿ ತಳ್ಳಿ. ಬಹುಶಃ ಆಗಲೂ ಅಲುಗಾಡಿರಲಿಕ್ಕಿಲ್ಲ. ಆದರೆ ನೀವು ಬಲ ಹಾಕಿದ್ದಂತೂ ನಿಜ. ನಿಮ್ಮ ಬೆರಳಿನ ತುದಿಗೆ ಅದು ಗೊತ್ತಾಗಿದೆ. ಹಾಗಾದರೆ ಆ ಬಲ ಎಲ್ಲಿಗೆ ಹೋಯಿತು?

ಈ ಪ್ರಶ್ನೆಯನ್ನು ನಾನು ಕೊಪ್ಪಳ ಜಿಲ್ಲೆಯ ಅನೇಕ ಶಾಲೆಗಳಲ್ಲಿ ಕೇಳಿದ್ದೇನೆ. ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳ ಜೊತೆ ವಿಜ್ಞಾನದ ಪ್ರಯೋಗಗಳನ್ನು ಮಾಡಿಸುವುದು ನನ್ನ ಕೆಲಸ. ನನ್ನ ಚೀಲದಲ್ಲಿ ಯಾವಾಗಲೂ ಒಂದು ಇಟ್ಟಿಗೆ, ಒಂದು ಗಟ್ಟಿ ದಾರ, ಒಂದು ಸ್ಪ್ರಿಂಗ್ ತ್ರಾಸು ಮತ್ತು ಸೀಮೆಸುಣ್ಣದ ಪೆಟ್ಟಿಗೆ ಇರುತ್ತವೆ. ಬಸ್ಸಿನಲ್ಲಿ ಕಂಡಕ್ಟರು ಚೀಲ ಎತ್ತಿ ನೋಡಿ, “ಏನ್ರಿ ಮೇಡಂ, ಮನಿ ಕಟ್ಟಿಸಾಕ ಹತ್ತೀರೇನು?” ಎಂದು ನಗುವುದುಂಟು. ಮನೆ ಕಟ್ಟಲು ಒಂದು ಇಟ್ಟಿಗೆ ಸಾಲದು. ಆದರೆ ಬಲಗಳ ಬಗ್ಗೆ ಒಂದು ಪಾಠ ಕಟ್ಟಲು ಒಂದೇ ಇಟ್ಟಿಗೆ ಸಾಕು. ಬನ್ನಿ, ಹೇಗೆಂದು ನೋಡೋಣ.

ಮೊದಲು ಇಟ್ಟಿಗೆಯನ್ನು ಎಳೆಯೋಣ

ನನ್ನ ಇಟ್ಟಿಗೆಯ ತೂಕ ಸುಮಾರು 3 ಕಿಲೋಗ್ರಾಂ. ಬಲವನ್ನು ನಾವು ನ್ಯೂಟನ್ ಎಂಬ ಮಾನದಲ್ಲಿ ಅಳೆಯುತ್ತೇವೆ. 100 ಗ್ರಾಂ ತೂಕದ ಒಂದು ವಸ್ತುವನ್ನು ಅಂಗೈ ಮೇಲೆ ಇಟ್ಟುಕೊಂಡರೆ ಅದು ಅಂಗೈಯನ್ನು ಸುಮಾರು 1 ನ್ಯೂಟನ್ ಬಲದಿಂದ ಒತ್ತುತ್ತದೆ. ಈ ಲೆಕ್ಕದಲ್ಲಿ ಭೂಮಿಯು ನನ್ನ ಇಟ್ಟಿಗೆಯನ್ನು ಸುಮಾರು 30 ನ್ಯೂಟನ್ ಬಲದಿಂದ ಕೆಳಕ್ಕೆ ಎಳೆಯುತ್ತದೆ.

ಶಾಲೆಯಲ್ಲಿ ಸಿಗುವ ಒಂದು ಮರದ ಹಲಗೆಯನ್ನು ನೆಲದ ಮೇಲೆ ಮಟ್ಟಸವಾಗಿ ಇಡುತ್ತೇವೆ. ಹಲಗೆಯ ಮೇಲೆ ಇಟ್ಟಿಗೆ. ಇಟ್ಟಿಗೆಗೆ ದಾರ ಕಟ್ಟಿ, ದಾರದ ತುದಿಯನ್ನು ಸ್ಪ್ರಿಂಗ್ ತ್ರಾಸಿನ ಕೊಕ್ಕೆಗೆ ಸಿಕ್ಕಿಸುತ್ತೇವೆ. ಈಗ ಒಬ್ಬರು ತ್ರಾಸನ್ನು ಹಲಗೆಗೆ ಸಮಾನಾಂತರವಾಗಿ ಹಿಡಿದು ನಿಧಾನವಾಗಿ ಎಳೆಯಬೇಕು. ಇನ್ನೊಬ್ಬರು ಮುಳ್ಳು ತೋರಿಸುವ ಅಳತೆಯನ್ನು ಓದಿ ಹೇಳಬೇಕು. ಮೂರನೆಯವರು ಕಪ್ಪುಹಲಗೆಯ ಮೇಲೆ ಬರೆಯಬೇಕು. ಹೀಗೆ ಬರುತ್ತದೆ:

5 ನ್ಯೂಟನ್ ಎಳೆದಾಗ: ಇಟ್ಟಿಗೆ ಅಲುಗಾಡಲಿಲ್ಲ.
10 ನ್ಯೂಟನ್ ಎಳೆದಾಗ: ಅಲುಗಾಡಲಿಲ್ಲ.
15 ನ್ಯೂಟನ್ ಎಳೆದಾಗ: ಅಲುಗಾಡಲಿಲ್ಲ.
18 ನ್ಯೂಟನ್ ದಾಟುತ್ತಿದ್ದಂತೆ: ಇಟ್ಟಿಗೆ ಫಕ್ಕನೆ ಜಾರಿತು!

ಜಾರಲು ಶುರುವಾದ ಮೇಲೆ ಮುಳ್ಳನ್ನು ಗಮನಿಸಿ. ಒಂದೇ ವೇಗದಲ್ಲಿ ಎಳೆಯುತ್ತ ಹೋದರೆ ಅದು ಸುಮಾರು 15ಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ನಿಮ್ಮ ಇಟ್ಟಿಗೆ, ನಿಮ್ಮ ಹಲಗೆಯಲ್ಲಿ ಈ ಅಂಕೆಗಳು ಬೇರೆಯಾಗಿ ಬರಬಹುದು. ಆದರೆ ಕಥೆ ಇದೇ.

ಒಮ್ಮೆ ಹೀಗೆ 5 ನ್ಯೂಟನ್‌ವರೆಗೆ ಎಳೆದು ನಿಲ್ಲಿಸಿದಾಗ ಏಳನೇ ತರಗತಿಯ ಹುಡುಗನೊಬ್ಬ ಎದ್ದು ನಿಂತ. “ಮೇಡಂ, ಇಟ್ಟಿಗಿ ಅಲ್ಲಾಡಲೇ ಇಲ್ರಿ. ಜಾರಿದ್ರ ಘರ್ಷಣೆ ಅನ್ನಬಹುದು. ಜಾರದೇ ಇದ್ದಾಗ ಘರ್ಷಣೆ ಎಲ್ಲಿಂದ ಬಂತ್ರಿ?” ಎಂದು ಕೇಳಿದ. ತುಂಬ ಒಳ್ಳೆಯ ಪ್ರಶ್ನೆ. ಅದಕ್ಕೆ ನಾನು ಬಾಯಿಮಾತಿನಲ್ಲಿ ಉತ್ತರ ಹೇಳಲಿಲ್ಲ. ಅವನ ಕೈಗೆ ಸೀಮೆಸುಣ್ಣ ಕೊಟ್ಟೆ. ಉತ್ತರ ಚಿತ್ರದಲ್ಲಿ ಇತ್ತು.

ಮುಕ್ತಕಾಯ ಚಿತ್ರ ಎಂದರೇನು?

ವಿಜ್ಞಾನದಲ್ಲಿ ವಸ್ತುವನ್ನು ‘ಕಾಯ’ ಎಂದೂ ಕರೆಯುತ್ತಾರೆ. ನಮಗೆ ಬೇಕಾದ ಒಂದೇ ಒಂದು ಕಾಯವನ್ನು ಅದರ ಸುತ್ತಲಿನ ಎಲ್ಲದರಿಂದ ಬಿಡಿಸಿ, ಒಂಟಿಯಾಗಿ ಬರೆದು, ಅದರ ಮೇಲೆ ಇತರ ವಸ್ತುಗಳು ಹಾಕುವ ಬಲಗಳನ್ನು ಬಾಣಗಳಿಂದ ತೋರಿಸುವ ಚಿತ್ರವೇ ಮುಕ್ತಕಾಯ ಚಿತ್ರ. ಹೆಸರು ದೊಡ್ಡದು, ಕೆಲಸ ಸಣ್ಣದು. ಹಲಗೆ ಬೇಡ, ದಾರ ಬೇಡ, ಎಳೆಯುವ ಕೈ ಬೇಡ. ಇಟ್ಟಿಗೆಗೆ ಬದಲು ಒಂದು ಚೌಕ ಬರೆದರೆ ಸಾಕು. ಚಿತ್ರಕಲೆ ಬಾರದವರೂ ಇದನ್ನು ಬರೆಯಬಹುದು!

ಬಾಣದ ಮೂತಿ ಬಲದ ದಿಕ್ಕನ್ನು ತೋರಿಸುತ್ತದೆ. ಬಾಣದ ಉದ್ದ ಬಲದ ಪ್ರಮಾಣವನ್ನು ತೋರಿಸುತ್ತದೆ. 5 ನ್ಯೂಟನ್‌ಗೆ 1 ಸೆಂಟಿಮೀಟರ್ ಎಂದು ಇಟ್ಟುಕೊಂಡರೆ 30 ನ್ಯೂಟನ್‌ಗೆ 6 ಸೆಂಟಿಮೀಟರ್ ಉದ್ದದ ಬಾಣ.

ಯಾವ ಯಾವ ಬಾಣ ಬರೆಯಬೇಕು ಎಂದು ತಿಳಿಯುವುದು ಹೇಗೆ? ಇದಕ್ಕೆ ನಾನು ಮಕ್ಕಳಿಗೆ ಎರಡು ಪ್ರಶ್ನೆಗಳನ್ನು ಕಲಿಸುತ್ತೇನೆ.

ಮೊದಲ ಪ್ರಶ್ನೆ: ಭೂಮಿ ಇದನ್ನು ಎಳೆಯುತ್ತಿದೆಯೇ? ಹೌದು, ಯಾವಾಗಲೂ. ಆದ್ದರಿಂದ ನೇರವಾಗಿ ಕೆಳಕ್ಕೆ ಒಂದು ಬಾಣ. ಇದು ಗುರುತ್ವ ಬಲ.

ಎರಡನೆಯ ಪ್ರಶ್ನೆ: ಇದನ್ನು ಯಾರು ಯಾರು ಮುಟ್ಟಿದ್ದಾರೆ? ಇಟ್ಟಿಗೆಯನ್ನು ದಾರ ಮುಟ್ಟಿದೆ, ಹಲಗೆ ಮುಟ್ಟಿದೆ. ಗಾಳಿಯೂ ಮುಟ್ಟಿದೆ, ಆದರೆ ಇಲ್ಲಿ ಅದರ ಪ್ರಭಾವ ಲೆಕ್ಕಕ್ಕೆ ಬಾರದಷ್ಟು ಚಿಕ್ಕದು. ಮುಟ್ಟಿದವರು ಮಾತ್ರ ಬಲ ಹಾಕಬಲ್ಲರು. ಮುಟ್ಟದವರ ಹೆಸರಿನಲ್ಲಿ ಬಾಣ ಬರೆಯುವಂತಿಲ್ಲ. ಅಯಸ್ಕಾಂತದಂಥವು ದೂರದಿಂದಲೇ ಎಳೆಯಬಲ್ಲವು ನಿಜ, ಆದರೆ ನಮ್ಮ ಇಟ್ಟಿಗೆಯ ಹತ್ತಿರ ಅಂಥದ್ದು ಯಾವುದೂ ಇಲ್ಲ.

ದಾರ ಎಳೆಯುತ್ತದೆ. ಆ ಬಾಣ ಬಲಕ್ಕೆ, 5 ನ್ಯೂಟನ್. ಹಲಗೆ ಏನು ಮಾಡುತ್ತದೆ? ಅದು ಎರಡು ಕೆಲಸ ಮಾಡುತ್ತದೆ. ಇಟ್ಟಿಗೆ ಕೆಳಗೆ ಬೀಳದಂತೆ ಅದನ್ನು ಮೇಲಕ್ಕೆ ಒತ್ತಿ ಹಿಡಿಯುತ್ತದೆ. ಹಲಗೆಯ ಮೇಲ್ಮೈಗೆ ಲಂಬವಾಗಿರುವ ಈ ಒತ್ತನ್ನು ಅಭಿಲಂಬ ಬಲ ಎನ್ನುತ್ತಾರೆ. ಹಲಗೆಯ ಇನ್ನೊಂದು ಕೆಲಸ, ತನ್ನ ಮೇಲ್ಮೈಯ ಉದ್ದಕ್ಕೆ ಇಟ್ಟಿಗೆಯನ್ನು ಜಾರಗೊಡದೆ ಹಿಡಿದುಕೊಳ್ಳುವುದು. ಇದೇ ಘರ್ಷಣಾ ಬಲ. ಜಾರುವ ಮೊದಲು ಇರುವ ಘರ್ಷಣೆಗೆ ಸ್ಥಾಯಿ ಘರ್ಷಣೆ ಎಂದು ಹೆಸರು.

ಆ ಹುಡುಗ ಕಪ್ಪುಹಲಗೆಯ ಮೇಲೆ ಚೌಕ ಬರೆದ. ಕೆಳಕ್ಕೆ 30, ಮೇಲಕ್ಕೆ 30. ಬಲಕ್ಕೆ 5. ಅಷ್ಟು ಬರೆದು ಸೀಮೆಸುಣ್ಣ ಹಿಡಿದು ನಿಂತ. ಬಲಕ್ಕೆ ಮಾತ್ರ ಬಾಣ ಇದೆ, ಎಡಕ್ಕೆ ಇಲ್ಲ. “ಹಿಂಗಿದ್ರ ಇಟ್ಟಿಗಿ ಹೋಗಬೇಕಿತ್ತು” ಎಂದ. ಒಂದು ಕ್ಷಣ ಬಿಟ್ಟು ತಾನೇ ಎಡಕ್ಕೆ 5ರ ಬಾಣ ಬರೆದ. ನಿಂತ ಇಟ್ಟಿಗೆಯ ಮೇಲೆ ಘರ್ಷಣೆ ಇದೆ ಎಂದು ಅವನಿಗೆ ನಾನು ಹೇಳಿಕೊಡಲಿಲ್ಲ. ಅವನ ಚಿತ್ರವೇ ಹೇಳಿತು.

ಬೇಕಾದಷ್ಟೇ, ಮಿತಿಯ ತನಕ

ಇದರಲ್ಲೊಂದು ಮುಖ್ಯ ವಿಷಯವಿದೆ ಮಕ್ಕಳೇ. ನಿಂತಿರುವ ಕಾಯ ನಿಂತೇ ಇರಬೇಕಾದರೆ ಅದರ ಮೇಲಿನ ಬಲಗಳು ಸರಿದೂಗಬೇಕು. ಎಡದ ಒಟ್ಟು ಬಲಕ್ಕೆ ಬಲದ ಒಟ್ಟು ಬಲ ಸಮ, ಮೇಲಿನದಕ್ಕೆ ಕೆಳಗಿನದು ಸಮ. ನ್ಯೂಟನ್ ಅವರು 1687ರಲ್ಲಿ ಪ್ರಕಟಿಸಿದ ಚಲನೆಯ ನಿಯಮಗಳಿಂದ ಬರುವ ಮಾತು ಇದು. ಹಾಗಾದರೆ ನಮ್ಮ ಪಟ್ಟಿಯನ್ನು ಇನ್ನೊಮ್ಮೆ ನೋಡಿ. 5 ಎಳೆದಾಗ ಘರ್ಷಣೆ 5. 10 ಎಳೆದಾಗ 10. 15 ಎಳೆದಾಗ 15. ಏನೂ ಎಳೆಯದೆ ಸುಮ್ಮನೆ ಬಿಟ್ಟಾಗ? ಸೊನ್ನೆ!

ಅಂದರೆ ಸ್ಥಾಯಿ ಘರ್ಷಣೆ ಒಂದು ನಿಗದಿಯಾದ ಅಂಕೆಯಲ್ಲ. ಎಷ್ಟು ಬೇಕೋ ಅಷ್ಟೇ ಹುಟ್ಟುತ್ತದೆ. ಆದರೆ ಅದಕ್ಕೊಂದು ಮಿತಿ ಇದೆ. ನಮ್ಮ ಇಟ್ಟಿಗೆಗೆ ಆ ಮಿತಿ 18 ನ್ಯೂಟನ್. ಅದನ್ನು ದಾಟಿದರೆ ಹಲಗೆಯ ಹಿಡಿತ ತಪ್ಪುತ್ತದೆ, ಇಟ್ಟಿಗೆ ಜಾರುತ್ತದೆ.

ಹಲಗೆಗೆ ನಾವು ಎಷ್ಟು ಎಳೆದೆವೆಂದು ಹೇಗೆ ಗೊತ್ತಾಗುತ್ತದೆ? ಅದಕ್ಕೇನು ಕಣ್ಣಿದೆಯೇ? ಇಲ್ಲ. ಎಷ್ಟೇ ನಯವಾಗಿ ಕಂಡರೂ ಎರಡು ಮೇಲ್ಮೈಗಳು ಪೂರ್ತಿಯಾಗಿ ಅಂಟಿಕೊಂಡಿರುವುದಿಲ್ಲ. ಸೂಕ್ಷ್ಮವಾದ ಉಬ್ಬುಗಳ ತುದಿಗಳಲ್ಲಿ ಮಾತ್ರ ಒಂದನ್ನೊಂದು ಮುಟ್ಟಿ, ಅಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ನಾವು ಎಳೆದಾಗ ಈ ತುದಿಗಳು ಕಣ್ಣಿಗೆ ಕಾಣದಷ್ಟು ಬಾಗುತ್ತವೆ. ಬಾಗಿದ ರಬ್ಬರು ಹಿಂದಕ್ಕೆ ತಳ್ಳುವಂತೆ ಅವೂ ತಳ್ಳುತ್ತವೆ. ಹೆಚ್ಚು ಎಳೆದರೆ ಹೆಚ್ಚು ಬಾಗುತ್ತವೆ, ಹೆಚ್ಚು ತಳ್ಳುತ್ತವೆ. ಕೊನೆಗೆ ಹಿಡಿತ ಕಳಚಿಕೊಳ್ಳುತ್ತದೆ. ನಿಮ್ಮ ಬೆರಳಿನ ಬಲ ಎಲ್ಲಿಗೆ ಹೋಯಿತು ಎಂದು ಕೇಳಿದ್ದೆನಲ್ಲ? ಚೀಲದ ಅಡಿಯಲ್ಲಿ ಅಷ್ಟೇ ಬಲ ಎದುರಿನಿಂದ ಹುಟ್ಟಿಕೊಂಡಿತ್ತು.

ಅಪ್ಪನ ಮೂಟೆ, ಕೂಲಂಬ್‌ನ ಮರದ ದಿಮ್ಮಿ

ಈ ಮಿತಿಯ ವಿಷಯ ಪುಸ್ತಕ ಓದಿದವರಿಗಷ್ಟೇ ಗೊತ್ತು ಎಂದುಕೊಳ್ಳಬೇಡಿ. ನನ್ನ ಅಪ್ಪ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ ಕೆಲಸ ಮಾಡುತ್ತಿದ್ದರು. ಓದಿದ್ದು ಮೂರನೇ ಇಯತ್ತೆ. ಭತ್ತದ ಮೂಟೆಯನ್ನು ನೆಲದ ಮೇಲೆ ಎಳೆಯುವಾಗ ಅವರು ಮೊದಲು ಕಾಲು ಊರಿ, ಉಸಿರು ಬಿಗಿಹಿಡಿದು ಒಮ್ಮೆ ಜೋರಾಗಿ ಎಳೆಯುತ್ತಿದ್ದರು. ಮೂಟೆ ಹೊರಟ ಮೇಲೆ ಅಷ್ಟು ಬಲ ಹಾಕುತ್ತಿರಲಿಲ್ಲ. ನಡುವೆ ನಿಲ್ಲಿಸುತ್ತಲೂ ಇರಲಿಲ್ಲ. ಯಾಕೆಂದು ಕೇಳಿದರೆ, “ಮೊದಲಿಗೆ ಜೋರು ಬೇಕವ್ವ. ಒಮ್ಮಿ ಹೊಂಟಿತಂದ್ರ ಅಷ್ಟು ಬೇಕಾಗಂಗಿಲ್ಲ. ನಡುವ ನಿಂತಿತಂದ್ರ ಮತ್ತ ಮೊದಲಿನಿಂದ ಜೋರು” ಎನ್ನುತ್ತಿದ್ದರು.

ಮುಂದೆ ಕಾಲೇಜಿನಲ್ಲಿ ಭೌತಶಾಸ್ತ್ರ ಓದುವಾಗ ‘ಸ್ಥಾಯಿ ಘರ್ಷಣೆಯ ಗರಿಷ್ಠ ಮಿತಿಯು ಜಾರು ಘರ್ಷಣೆಗಿಂತ ಹೆಚ್ಚು’ ಎಂಬ ವಾಕ್ಯ ಬಂತು. ನನ್ನ ಪಕ್ಕದಲ್ಲಿ ಕುಳಿತಿದ್ದವರು ಅದನ್ನು ಬಾಯಿಪಾಠ ಮಾಡಿದರು. ನನಗೆ ಬಾಯಿಪಾಠ ಬೇಕಾಗಲಿಲ್ಲ. ಅಪ್ಪನ ಮಾತೇ ಅದು. ಇಟ್ಟಿಗೆ 18ಕ್ಕೆ ಹೊರಟು 15ರಲ್ಲಿ ಸಾಗಿದ್ದನ್ನು ನೀವೂ ಈಗಷ್ಟೇ ನೋಡಿದಿರಿ.

ಅಪ್ಪನ ಭುಜಕ್ಕೆ ತಿಳಿದಿದ್ದ ಈ ಸಂಗತಿಯನ್ನು ಅಳೆದು ಬರೆದಿಟ್ಟವರು ಕೆಲವರು. ಇಟಲಿಯ ಲಿಯೊನಾರ್ಡೊ ಡ ವಿಂಚಿಯನ್ನು ಚಿತ್ರಕಾರನೆಂದು ನೀವು ಕೇಳಿರಬಹುದು. ಆತ 500 ವರ್ಷಗಳಿಗೂ ಹಿಂದೆ ಘರ್ಷಣೆಯ ಪ್ರಯೋಗಗಳನ್ನು ತನ್ನ ಟಿಪ್ಪಣಿ ಪುಸ್ತಕಗಳಲ್ಲಿ ಚಿತ್ರ ಸಮೇತ ಬರೆದಿದ್ದ. ಆದರೆ ಅವನ್ನು ಪ್ರಕಟಿಸಲಿಲ್ಲ. 1699ರಲ್ಲಿ ಫ್ರಾನ್ಸಿನ ಗಿಯೋಮ್ ಅಮೊಂಟನ್ಸ್ ಎಂಬಾತ, ಮೇಲ್ಮೈಗಳು ಒಂದನ್ನೊಂದು ಎಷ್ಟು ಬಲವಾಗಿ ಒತ್ತುತ್ತವೆಯೋ ಘರ್ಷಣೆಯೂ ಆ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂದು ತಿಳಿಸಿದ. ಮುಂದೆ 1785ರಲ್ಲಿ ಪ್ರಕಟವಾದ ತನ್ನ ಬರಹದಲ್ಲಿ ಫ್ರಾನ್ಸಿನ ಸೇನಾ ಇಂಜಿನಿಯರ್ ಕೂಲಂಬ್, ಮರ ಮತ್ತು ಲೋಹದ ತುಂಡುಗಳನ್ನು ಎಳೆದು ನೋಡಿದ ಅನೇಕ ಅಳತೆಗಳನ್ನು ಕೊಟ್ಟ. ಮರದ ಮೇಲೆ ಮರ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದರೆ ಅದನ್ನು ಹೊರಡಿಸಲು ಇನ್ನೂ ಹೆಚ್ಚು ಬಲ ಬೇಕೆಂದೂ ಕಂಡುಕೊಂಡ. ಮುಂದಿನ ತರಗತಿಗಳಲ್ಲಿ ವಿದ್ಯುತ್ತಿನ ಪಾಠದಲ್ಲಿ ಇದೇ ಕೂಲಂಬ್ ನಿಮಗೆ ಮತ್ತೆ ಸಿಗುತ್ತಾನೆ.

ಅಮೊಂಟನ್ಸ್ ಹೇಳಿದ್ದನ್ನು ನಮ್ಮ ಇಟ್ಟಿಗೆಯಲ್ಲೇ ನೋಡಬಹುದು. ಮಿತಿ 18, ಅಭಿಲಂಬ ಬಲ 30. 18ನ್ನು 30ರಿಂದ ಭಾಗಿಸಿದರೆ 0.6. ಈ ಇಟ್ಟಿಗೆಯ ಮೇಲೆ ಅದೇ ಥರದ ಇನ್ನೊಂದು ಇಟ್ಟಿಗೆ ಇಟ್ಟರೆ ಅಭಿಲಂಬ ಬಲ 60 ಆಗುತ್ತದೆ, ಮಿತಿಯೂ ಸುಮಾರು 36 ಆಗುತ್ತದೆ. 36ನ್ನು 60ರಿಂದ ಭಾಗಿಸಿದರೆ ಮತ್ತೆ 0.6. ಈ ಅಂಕೆಗೆ ಸ್ಥಾಯಿ ಘರ್ಷಣಾ ಗುಣಾಂಕ ಎಂದು ಹೆಸರು. ನೆನಪಿಡಿ, ಗುಣಾಂಕವನ್ನು ಅಭಿಲಂಬ ಬಲದಿಂದ ಗುಣಿಸಿದರೆ ಸಿಗುವುದು ಘರ್ಷಣೆಯ ಮಿತಿ. ಈ ಕ್ಷಣದಲ್ಲಿ ನಿಜವಾಗಿ ಇರುವ ಘರ್ಷಣೆ ಎಷ್ಟು ಎಂದು ತಿಳಿಯಲು ಚಿತ್ರವನ್ನೇ ಕೇಳಬೇಕು.

ಒಂದು ಅಂಕದ ಕಥೆ

ಈ ವ್ಯತ್ಯಾಸ ಅಷ್ಟು ಮುಖ್ಯವೇ? ಮುಖ್ಯ. ಕೆಲವು ವರ್ಷಗಳ ಹಿಂದೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಒಂದು ಸ್ಪರ್ಧಾ ಪರೀಕ್ಷೆ ಬರೆದು ಬಂದಳು. ಅದರಲ್ಲಿ ನಮ್ಮ ಇಟ್ಟಿಗೆಯಂಥದೇ ಒಂದು ಪ್ರಶ್ನೆ. 30 ನ್ಯೂಟನ್ ತೂಕದ ಪೆಟ್ಟಿಗೆ, ಗುಣಾಂಕ 0.6, ಅದನ್ನು 5 ನ್ಯೂಟನ್ ಬಲದಿಂದ ಅಡ್ಡಕ್ಕೆ ಎಳೆದಿದ್ದಾರೆ, ಘರ್ಷಣಾ ಬಲ ಎಷ್ಟು? ಇವಳು 5 ಎಂದು ಗುರುತು ಹಾಕಿದ್ದಳು. ಆಮೇಲೆ ಬಂದ ಉತ್ತರ ಪಟ್ಟಿಯಲ್ಲಿ 18 ಎಂದಿತ್ತು.

ಮನೆಯಲ್ಲಿ ಎಲ್ಲರೂ “ಅಚ್ಚಾಗಿ ಬಂದದ್ದೇ ಖರೆ ಇರಬೇಕು ಬಿಡು” ಎಂದರಂತೆ. ಗೆಳತಿಯರೂ ಹಾಗೇ ಎಂದರಂತೆ. ಅವಳು ಪ್ರಶ್ನೆಪತ್ರಿಕೆ ಮತ್ತು ತನ್ನ ನೋಟುಪುಸ್ತಕ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಪುಸ್ತಕದಲ್ಲಿ ಎರಡು ಚೌಕಗಳಿದ್ದವು. ಮೊದಲನೆಯದರಲ್ಲಿ ಬಲಕ್ಕೆ 5, ಎಡಕ್ಕೆ 5. ಎರಡನೆಯದರಲ್ಲಿ ಬಲಕ್ಕೆ 5, ಎಡಕ್ಕೆ 18. ಎರಡನೆಯದರ ಮೇಲೆ ಬೆರಳಿಟ್ಟು ಅವಳು ಹೇಳಿದಳು: “ಹದಿನೆಂಟು ಖರೆ ಅಂದ್ರ, ನಾನು ಪೆಟ್ಟಿಗೀನ ನನ್ನ ಕಡೆ ಎಳೆದ್ರ ಅದು ಆ ಕಡೆ ಓಡಿ ಹೋಗಬೇಕಲ್ರಿ ಮೇಡಂ!”

ನೋಡಿದಿರಾ? ಎಡಕ್ಕೆ 18, ಬಲಕ್ಕೆ 5 ಎಂದರೆ 13 ನ್ಯೂಟನ್ ಎಡಕ್ಕೆ ಉಳಿಯಿತು. ಎಳೆದವರಿಂದ ದೂರಕ್ಕೆ ತಾನಾಗಿ ಓಡುವ ಪೆಟ್ಟಿಗೆಯನ್ನು ಯಾರಾದರೂ ಕಂಡಿದ್ದೀರಾ? ಅಂಥ ಪೆಟ್ಟಿಗೆ ಇಲ್ಲ. ಆದ್ದರಿಂದ ಅಂಥ ಘರ್ಷಣೆಯೂ ಇಲ್ಲ. ಉತ್ತರ ಪಟ್ಟಿ ಬರೆದವರು ಗುಣಾಂಕ ಕಂಡೊಡನೆ 30ರಿಂದ ಗುಣಿಸಿಬಿಟ್ಟಿದ್ದರು. ಮಿತಿಯನ್ನು ಕಂಡುಹಿಡಿದು, ಅದನ್ನೇ ಘರ್ಷಣೆ ಎಂದು ಬರೆದಿದ್ದರು.

ನಾವಿಬ್ಬರೂ ಸೇರಿ ಚಿತ್ರ ಸಮೇತ ಒಂದು ಪತ್ರ ಬರೆದು ಕಳಿಸಿದೆವು. ಉತ್ತರ ಬರಲಿಲ್ಲ. ಆ ಅಂಕವೂ ಬರಲಿಲ್ಲ. ಅವಳಿಗೆ ಬೇಸರವಾಗಿತ್ತು, ನನಗೂ ಆಗಿತ್ತು. ಸ್ವಲ್ಪ ದಿನ ಬಿಟ್ಟು ಅವಳ ಶಾಲೆಗೆ ಹೋದಾಗ ಕೇಳಿದಳು: “ಉತ್ತರ ಐದೇ ಅಲ್ರಿ ಮೇಡಂ?” “ಐದೇ” ಎಂದೆ. “ಮತ್ತ ಸಾಕು ಬಿಡ್ರಿ” ಎಂದು ನಕ್ಕು, ತನ್ನ ಕೆಳಗಿನ ತರಗತಿಯ ಮಕ್ಕಳಿಗೆ ಇಟ್ಟಿಗೆ ಎಳೆದು ತೋರಿಸಲು ಕುಳಿತಳು.

ಮಕ್ಕಳೇ, ಅಂಕ ಕೊಡುವುದು ಬಿಡುವುದು ಬೇರೆಯವರ ಕೈಯಲ್ಲಿದೆ. ಆದರೆ ಇಟ್ಟಿಗೆ ಯಾರ ಉತ್ತರ ಪಟ್ಟಿಯನ್ನೂ ಓದುವುದಿಲ್ಲ. ನಿಮ್ಮ ಉತ್ತರ ಸರಿಯೇ ತಪ್ಪೇ ಎಂದು ನೀವೇ ಪರೀಕ್ಷಿಸಲು ಮುಕ್ತಕಾಯ ಚಿತ್ರ ಒಂದು ಸಾಧನ. ಅದಕ್ಕೇ ನಾನು ಸೂತ್ರಕ್ಕಿಂತ ಮೊದಲು ಚಿತ್ರ ಕಲಿಸುತ್ತೇನೆ.

ಚಿತ್ರ ಬರೆಯುವಾಗ ಎಚ್ಚರ

ಮಕ್ಕಳ ನೋಟುಪುಸ್ತಕಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ಕೆಲವು ತಪ್ಪುಗಳನ್ನು ಇಲ್ಲಿ ಹೇಳುತ್ತೇನೆ. ನಿಮ್ಮ ಚಿತ್ರದಲ್ಲಿ ಇವು ನುಸುಳದಂತೆ ನೋಡಿಕೊಳ್ಳಿ.

ಒಂದು, ‘ಚಲನೆ’ ಎಂದು ಬರೆದ ಬಾಣ. ಚಲನೆ ಬಲವಲ್ಲ. ಯಾರೂ ಹಾಕದ ಬಲಕ್ಕೆ ಬಾಣವಿಲ್ಲ. ಪ್ರತಿ ಬಾಣದ ಪಕ್ಕದಲ್ಲೂ ‘ಇದನ್ನು ಹಾಕಿದವರು ಯಾರು?’ ಎಂದು ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಆ ಬಾಣವನ್ನು ಅಳಿಸಿ.

ಎರಡು, ಇಟ್ಟಿಗೆಯು ಹಲಗೆಯನ್ನು ಕೆಳಕ್ಕೆ ಒತ್ತುವ ಬಾಣ. ಆ ಬಲ ಇರುವುದು ನಿಜ, ಆದರೆ ಅದು ಹಲಗೆಯ ಮೇಲಿನ ಬಲ. ಅದಕ್ಕೆ ಹಲಗೆಯ ಚಿತ್ರದಲ್ಲಿ ಜಾಗ. ಇಟ್ಟಿಗೆಯ ಚಿತ್ರದಲ್ಲಿ ಇಟ್ಟಿಗೆಯ ಮೇಲಿನ ಬಲಗಳು ಮಾತ್ರ.

ಮೂರು, ಎಲ್ಲಿ ಮುಟ್ಟಿದ್ದರೂ ಘರ್ಷಣೆಯ ಬಾಣ ಬರೆದುಬಿಡುವುದು. ಮೇಜಿನ ಮೇಲೆ ಸುಮ್ಮನಿರುವ ಪುಸ್ತಕಕ್ಕೆ ಎರಡೇ ಬಾಣ: ಕೆಳಕ್ಕೆ ಒಂದು, ಮೇಲಕ್ಕೆ ಒಂದು. ಯಾರೂ ಅಡ್ಡಕ್ಕೆ ತಳ್ಳದಿದ್ದಾಗ ಘರ್ಷಣೆಗೆ ಕೆಲಸವಿಲ್ಲ.

ನಾಲ್ಕು, ‘ಘರ್ಷಣೆ ಯಾವಾಗಲೂ ಹಿಂದಕ್ಕೆ’ ಎಂದು ಕಣ್ಣುಮುಚ್ಚಿ ಬರೆಯುವುದು. ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮುಂದಕ್ಕೆ ತಳ್ಳುವ ಘರ್ಷಣೆ!

ಭತ್ತದ ಮೂಟೆ ಹೇರಿದ ಲಾರಿಯೊಂದು ಗಿರಣಿಯಿಂದ ಹೊರಡುತ್ತಿದೆ ಎಂದುಕೊಳ್ಳಿ. ಲಾರಿಯ ವೇಗ ಹೆಚ್ಚುತ್ತಿದೆ. ಲಾರಿಯ ತಳದ ಹಲಗೆಯ ಮೇಲಿರುವ ಒಂದೇ ಒಂದು ಮೂಟೆಯ ಮುಕ್ತಕಾಯ ಚಿತ್ರ ಬರೆಯಿರಿ. ಕೆಳಕ್ಕೆ ಗುರುತ್ವ ಬಲ, ಮೇಲಕ್ಕೆ ಅಭಿಲಂಬ ಬಲ. ಮೂಟೆಯನ್ನು ಮುಟ್ಟಿರುವುದು ಹಲಗೆ ಮಾತ್ರ. ಆದರೆ ಮೂಟೆಯೂ ಲಾರಿಯ ಜೊತೆ ಮುಂದಕ್ಕೆ ವೇಗ ಪಡೆಯುತ್ತಿದೆ. ಅದನ್ನು ಮುಂದಕ್ಕೆ ಒಯ್ಯುತ್ತಿರುವವರು ಯಾರು? ಸ್ಥಾಯಿ ಘರ್ಷಣೆಯೇ! ಇಲ್ಲಿ ಅದರ ಬಾಣ ಮುಂದಕ್ಕೆ. ಮೂಟೆ ಹಲಗೆಯ ಮೇಲೆ ಹಿಂದಕ್ಕೆ ಜಾರುವುದನ್ನು ಅದು ತಡೆಯುತ್ತದೆ, ಆದ್ದರಿಂದ ಮುಂದಕ್ಕೆ ತಳ್ಳುತ್ತದೆ. ಚಾಲಕರು ಒಮ್ಮೆಲೇ ವೇಗ ಹೆಚ್ಚಿಸಿದರೆ ಬೇಕಾಗುವ ಬಲ ಮಿತಿಯನ್ನು ದಾಟುತ್ತದೆ, ಮೂಟೆ ಹಿಂದಕ್ಕೆ ಜಾರುತ್ತದೆ. ಒಮ್ಮೆಲೇ ಬ್ರೇಕ್ ಹಾಕಿದರೆ ಮುಂದಕ್ಕೆ ಜಾರುತ್ತದೆ. ಸರಕನ್ನು ಹಗ್ಗದಿಂದ ಬಿಗಿದು ಕಟ್ಟುವುದು ಇದಕ್ಕೇ. ಘರ್ಷಣೆಯ ಮಿತಿ ಮುಗಿದ ಮೇಲೆ ಹಗ್ಗ ಹಿಡಿಯಬೇಕು. ಆದ್ದರಿಂದ ತುಂಬಿದ ಸರಕಿನ ಮೇಲೆ ಕುಳಿತು ಯಾರೂ ಪ್ರಯಾಣ ಮಾಡಬಾರದು. ನಮ್ಮನ್ನು ಹಿಡಿದಿರುವ ಘರ್ಷಣೆಗೂ ಒಂದು ಮಿತಿ ಇದೆ.

ನೀವು ನಡೆಯುವಾಗಲೂ ಹೀಗೆಯೇ. ಪಾದ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ಪಾದವನ್ನು ಮುಂದಕ್ಕೆ ಒತ್ತುತ್ತದೆ. ಊರಿದ ಪಾದ ನೆಲದ ಮೇಲೆ ಜಾರುವುದಿಲ್ಲ, ಹಾಗಾಗಿ ಇದು ಸ್ಥಾಯಿ ಘರ್ಷಣೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಲಿನ ಮೇಲೆ ಮಿತಿ ತೀರ ಕಡಿಮೆಯಾಗುತ್ತದೆ. ಆಗ ಏನಾಗುತ್ತದೆ ಎಂಬುದು ನಿಮ್ಮ ಮೊಣಕಾಲಿಗೆ ಗೊತ್ತಿರಬಹುದು!

ಇಳಿಜಾರಿನ ಮೇಲೆ ನಿಂತ ಬಂಡೆ

ಗಂಗಾವತಿಯಿಂದ ಆನೆಗುಂದಿ, ಹಂಪಿಯ ಕಡೆಗೆ ಹೋದವರು ಆ ಬೆಟ್ಟಗಳನ್ನು ಮರೆಯಲಾರರು. ಯಾರೋ ಗುಂಡುಕಲ್ಲುಗಳನ್ನು ತಂದು ಸುರಿದಂತೆ ಕಾಣುತ್ತವೆ. ಅಲ್ಲಿನ ಗ್ರಾನೈಟ್ ಶಿಲೆಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಬಿಸಿಲು, ಮಳೆ, ಗಾಳಿಗಳು ಶಿಲೆಯ ಬಿರುಕುಗಳನ್ನು ಅಗಲಿಸಿ, ಮೂಲೆಗಳನ್ನು ಸವೆಸಿ ಇಂಥ ಬಂಡೆಗಳನ್ನು ಮಾಡಿವೆ. ಕೆಲವು ಬಂಡೆಗಳು ಮಟ್ಟಸವಾದ ತಳದ ಮೇಲಿವೆ. ಕೆಲವು ಪಕ್ಕದ ಬಂಡೆಗೆ ಆತುಕೊಂಡಿವೆ. ಇನ್ನು ಕೆಲವು ಓರೆಯಾದ ಕಲ್ಲಿನ ಮೇಲೆ, ಈಗ ಜಾರುತ್ತವೆ ಆಗ ಜಾರುತ್ತವೆ ಎನ್ನುವಂತೆ ನಿಂತಿವೆ. ಆದರೆ ಜಾರುವುದಿಲ್ಲ.

ಅಂಥ ಒಂದು ಬಂಡೆಯ ಚಿತ್ರ ಬರೆಯೋಣ. ಭೂಮಿಯ ಎಳೆತ ನೇರವಾಗಿ ಕೆಳಕ್ಕೆ. ಇಳಿಜಾರಿನ ದಿಕ್ಕಿಗೆ ಅಲ್ಲ, ನೇರ ಕೆಳಕ್ಕೆ. ಬಂಡೆಯನ್ನು ಮುಟ್ಟಿರುವುದು ಅಡಿಯ ಕಲ್ಲು. ಅದರ ಅಭಿಲಂಬ ಬಲ ಕಲ್ಲಿನ ಮೇಲ್ಮೈಗೆ ಲಂಬವಾಗಿ, ಅಂದರೆ ಸ್ವಲ್ಪ ವಾಲಿದ ಬಾಣ. ಅನೇಕರು ಇದನ್ನು ನೇರ ಮೇಲಕ್ಕೆ ಬರೆದುಬಿಡುತ್ತಾರೆ. ಕಂಪಾಸ್ ಪೆಟ್ಟಿಗೆಯ ಮೂಲೆಮಟ್ಟವನ್ನು ಇಳಿಜಾರಿನ ಗೆರೆಯ ಮೇಲಿಟ್ಟು ಬರೆಯಿರಿ, ತಪ್ಪುವುದಿಲ್ಲ. ಈಗ ಈ ಎರಡೇ ಬಾಣಗಳನ್ನು ನೋಡಿ. ಅವು ಒಂದಕ್ಕೊಂದು ನೇರ ಎದುರಾಗಿಲ್ಲ. ಇಷ್ಟೇ ಇದ್ದರೆ ಬಂಡೆ ಇಳಿಜಾರಿನಲ್ಲಿ ಕೆಳಗೆ ಜಾರಬೇಕು. ಜಾರಿಲ್ಲ. ಆದ್ದರಿಂದ ಇಳಿಜಾರಿನ ಉದ್ದಕ್ಕೆ ಮೇಲ್ಮುಖವಾಗಿ ಮೂರನೆಯ ಬಾಣ ಇರಲೇಬೇಕು. ಅದೇ ಸ್ಥಾಯಿ ಘರ್ಷಣೆ. ಊರು ಕಟ್ಟುವ ಮೊದಲಿನಿಂದಲೂ ಆ ಬಂಡೆಯನ್ನು ಹಿಡಿದಿರುವುದು ನಿಮ್ಮ ಚೀಲವನ್ನು ಹಿಡಿದಿರುವ ಬಲವೇ!

ಎಷ್ಟು ಓರೆಯಾದರೆ ಜಾರುತ್ತದೆ? ನಮ್ಮ ಹಲಗೆ, ಇಟ್ಟಿಗೆಗಳಲ್ಲೇ ನೋಡಬಹುದು. ಇಟ್ಟಿಗೆ ಇಟ್ಟ ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತ ಹೋಗಿ. ಇಟ್ಟಿಗೆ ಜಾರಲು ಶುರುವಾದ ಕ್ಷಣದಲ್ಲಿ ನಿಲ್ಲಿಸಿ. ಎತ್ತಿದ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಆ ತುದಿಯ ನೇರ ಕೆಳಗಿನ ಜಾಗದಿಂದ ಹಲಗೆಯ ಇನ್ನೊಂದು ತುದಿಯವರೆಗೆ ನೆಲದ ಮೇಲಿನ ದೂರವನ್ನೂ ಅಳೆಯಿರಿ. ನನ್ನ ಇಟ್ಟಿಗೆ, ನಾಲ್ಕು ಅಡಿಯ ಹಲಗೆಗೆ ಎತ್ತರ ಸುಮಾರು 60 ಸೆಂಟಿಮೀಟರ್, ನೆಲದ ದೂರ ಸುಮಾರು 100 ಸೆಂಟಿಮೀಟರ್ ಬರುತ್ತದೆ. 60ನ್ನು 100ರಿಂದ ಭಾಗಿಸಿ. 0.6! ಮಟ್ಟಸವಾದ ಹಲಗೆಯ ಮೇಲೆ ಎಳೆದಾಗ ಸಿಕ್ಕ ಅದೇ ಗುಣಾಂಕ. ತ್ರಾಸು ಇಲ್ಲದ ಶಾಲೆಯಲ್ಲೂ ಹೀಗೆ ಗುಣಾಂಕ ಅಳೆಯಬಹುದು. ಎತ್ತಿದ ಹಲಗೆಯ ಕೆಳತುದಿಯಲ್ಲಿ ಮಾತ್ರ ಯಾರೂ ಕಾಲಿಡಬೇಡಿ. ಇಟ್ಟಿಗೆ ಜಾರಿ ಬರುತ್ತದೆ.

ನೀವೇ ಮಾಡಿ ನೋಡಿ

ಇಟ್ಟಿಗೆ ಸಿಗದಿದ್ದರೆ ಚಿಂತೆಯಿಲ್ಲ. ಪರೀಕ್ಷೆಗೆ ಒಯ್ಯುವ ಪ್ಯಾಡಿನ ಮೇಲೆ ಒಂದು ರಬ್ಬರು, ಒಂದು ನಾಣ್ಯ ಮತ್ತು ನಿಮ್ಮ ಕಂಪಾಸ್ ಪೆಟ್ಟಿಗೆಯನ್ನು ಒಂದೇ ಸಾಲಿನಲ್ಲಿ ಇಡಿ. ಪ್ಯಾಡನ್ನು ನಿಧಾನವಾಗಿ ಓರೆ ಮಾಡಿ. ಯಾವುದು ಮೊದಲು ಜಾರಿತು? ಯಾವುದು ಕೊನೆಗೆ? ಕಂಪಾಸ್ ಪೆಟ್ಟಿಗೆಯೊಳಗೆ ಕಲ್ಲು ತುಂಬಿ ಭಾರ ಹೆಚ್ಚಿಸಿದರೆ ಜಾರುವ ಎತ್ತರ ಬದಲಾಗುತ್ತದೆಯೇ? ಮೊದಲು ಊಹಿಸಿ ಬರೆದಿಟ್ಟುಕೊಳ್ಳಿ, ಆಮೇಲೆ ಮಾಡಿ ನೋಡಿ.

ನಂತರ ಈ ಮೂರಕ್ಕೂ ಮುಕ್ತಕಾಯ ಚಿತ್ರ ಬರೆಯಿರಿ:

1. ಗೋಡೆಗೆ ಅಂಗೈಯಿಂದ ಒತ್ತಿ ಹಿಡಿದ ಪುಸ್ತಕ. ಅದು ಕೆಳಗೆ ಬಿದ್ದಿಲ್ಲ. ಎಷ್ಟು ಬಾಣಗಳು? ಘರ್ಷಣೆಯ ಬಾಣಗಳು ಯಾವ ದಿಕ್ಕಿಗೆ?

2. ಹಗ್ಗ ಜಗ್ಗುವ ಆಟದಲ್ಲಿ ಅಲುಗಾಡದೆ ನಿಂತ ಒಬ್ಬ ಆಟಗಾರ. ಅವನನ್ನು ಯಾರು ಯಾರು ಮುಟ್ಟಿದ್ದಾರೆ?

3. ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುತ್ತಿರುವ ಬಸ್ಸಿನೊಳಗೆ, ನೆಲದ ಮೇಲಿಟ್ಟ ಹಾಲಿನ ಕ್ಯಾನು. ಇದಕ್ಕೆ ಘರ್ಷಣೆಯ ಬಾಣ ಬೇಕೇ? ಆತುರ ಪಡಬೇಡಿ, ಇಟ್ಟಿಗೆಯನ್ನು ನೆನಪಿಸಿಕೊಳ್ಳಿ.

ಬರೆದ ಚಿತ್ರಗಳನ್ನು ನಿಮ್ಮ ಗೆಳೆಯರ ಚಿತ್ರಗಳ ಪಕ್ಕದಲ್ಲಿ ಇಟ್ಟು ಹೋಲಿಸಿ. ಎಲ್ಲಿ ಬೇರೆಯಾಗಿದೆಯೋ ಅಲ್ಲಿ ಜಗಳವಾಡಬೇಡಿ. ಆ ಬಾಣವನ್ನು ತೋರಿಸಿ, ‘ಇದನ್ನು ಹಾಕಿದವರು ಯಾರು?’ ಎಂದು ಕೇಳಿ. ಆಮೇಲೆ ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ. ನಾನು ನಿಮ್ಮ ಶಾಲೆಗೆ ಬಂದಾಗ ನನಗೂ ತೋರಿಸಿ. ಇಟ್ಟಿಗೆ ನನ್ನ ಚೀಲದಲ್ಲೇ ಇರುತ್ತದೆ, ಹಲಗೆ ಮಾತ್ರ ನೀವು ಹುಡುಕಿ ಇಟ್ಟಿರಿ.